ಹಳೇ ಕಾರಿನ ಎಂಜಿನ್ ಮನೆಯಲ್ಲೇ ಬಿಚ್ಚಿ ಕಟ್ಟುವುದು: ಅಳತೆ, ಶುಚಿ, ಜೋಡಣೆ

ಫೀಲರ್‌ಗೇಜ್:
1950ರಿಂದ 70ರ ದಶಕದವರೆಗೆ ಬಂದ, ಎರಕದ ಕಬ್ಬಿಣದ ಬ್ಲಾಕ್, ಪುಶ್‌ರಾಡ್, ಚಪ್ಪಟೆ ಟ್ಯಾಪೆಟ್ (ಕ್ಯಾಮಿಗೂ ಪುಶ್‌ರಾಡಿಗೂ ನಡುವೆ ಕೂರುವ ತುಂಡು) ಇರುವ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್‌ಗಳಿಗಾಗಿ ಈ ಚರ್ಚೆ. ಇಲ್ಲಿ ಬರುವ ಅಂಕಿಗಳು ಅಂದಾಜು ತಿಳಿಯಲಿಕ್ಕೆ ಮಾತ್ರ. ನಿಮ್ಮ ಎಂಜಿನ್ನಿನ ವರ್ಕ್‌ಶಾಪ್ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಸರಿ.

ಸ್ಪ್ಯಾನರ್ ಹಿಡಿಯುವ ಮುಂಚೆ ಎಂಜಿನ್ ಇನ್ನೂ ಓಡುತ್ತಿದ್ದರೆ ಕಂಪ್ರೆಷನ್ ನೋಡಿ ಬರೆದಿಡಿ. ಎಂಜಿನ್ ಬಿಸಿ ಇರಲಿ, ನಾಲ್ಕೂ ಪ್ಲಗ್ ಹೊರಗಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ. ಯಾವುದಾದರೂ ಸಿಲಿಂಡರ್ ಕಡಿಮೆ ತೋರಿಸಿದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಓದು ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ನೋಡಿ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕಡಿಮೆಯಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ಬಿಸಿಯಾದಾಗಿನ ಆಯಿಲ್ ಪ್ರೆಶರ್ ಕೂಡ ಬರೆದುಕೊಳ್ಳಿ. ಎಂಜಿನ್ ಬಿಚ್ಚಿದ ಮೇಲೆ ಈ ಮಾಹಿತಿ ಮತ್ತೆ ಸಿಗುವುದಿಲ್ಲ.

ಬಿಚ್ಚುವಾಗ ಹೆಡ್ ನಟ್‌ಗಳನ್ನು ಬಿಗಿ ಮಾಡುವ ಕ್ರಮಕ್ಕೆ ಉಲ್ಟಾ ಸಡಿಲಿಸಬೇಕು: ಹೊರಗಿನಿಂದ ನಡುವಿಗೆ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪ. ಒಂದೇ ಕಡೆಯಿಂದ ಪೂರ್ತಿ ಬಿಚ್ಚುತ್ತ ಬಂದರೆ ಹೆಡ್ ಬಾಗುತ್ತದೆ. ಪುಶ್‌ರಾಡ್ ಎಳೆಯುವಾಗ ಮೊದಲು ಒಂದು ಸುತ್ತು ಅಲ್ಲಾಡಿಸಿ ಟ್ಯಾಪೆಟ್ ಬಿಡಿಸಿ. ಹಾಗೇ ಎಳೆದರೆ ಆಯಿಲಿನ ಅಂಟಿಗೆ ಟ್ಯಾಪೆಟ್ ಮೇಲೆ ಬಂದು ಪಕ್ಕಕ್ಕೆ ಉರುಳಿಬಿಡುತ್ತದೆ. ಪುಶ್‌ರಾಡುಗಳನ್ನು 1ರಿಂದ 8 ತೂತು ಮಾಡಿದ ರಟ್ಟಿನಲ್ಲಿ ಚುಚ್ಚಿಡಿ, ಟ್ಯಾಪೆಟ್‌ಗಳಿಗೂ ಅದೇ ನಂಬರು.

ಮೇನ್ ಕ್ಯಾಪ್ (ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮುಚ್ಚಳ) ಮತ್ತು ಕನೆಕ್ಟಿಂಗ್ ರಾಡ್ ಕ್ಯಾಪ್‌ಗಳ ಮೇಲೆ ಕಾರ್ಖಾನೆಯ ನಂಬರು ಇದೆಯೇ ನೋಡಿ. ಇಲ್ಲದಿದ್ದರೆ ಬಿಚ್ಚುವ ಮುಂಚೆಯೇ ಕ್ಯಾಪಿಗೂ ರಾಡಿಗೂ ಒಂದೇ ಬದಿಯಲ್ಲಿ ನಂಬರ್ ಪಂಚ್ ಹೊಡೆಯಿರಿ. ಬ್ಲಾಕಿಗೆ ಕ್ಯಾಪ್ ಕೂರಿಸಿಯೇ ಬೋರ್ ಮಾಡಿರುತ್ತಾರೆ. ಹಾಗಾಗಿ 2ರ ಕ್ಯಾಪ್ 3ಕ್ಕೆ ಹೋದರೆ, ಅಥವಾ ಅದೇ ಕ್ಯಾಪ್ ತಿರುಗಿ ಕೂತರೆ, ಬೇರಿಂಗ್ ರಂಧ್ರ ದುಂಡಗಿರುವುದಿಲ್ಲ.

ಹೊಸಸ್ಪ್ಯಾನರ್:
ಸರ್, ಬೋರ್ ಅಳೆಯಲು ಒಳ್ಳೆಯ ಡಿಜಿಟಲ್ ವರ್ನಿಯರ್ ಸಾಕೇ? ಅಳತೆಯನ್ನೂ ಲೇತಿನವರಿಗೇ ಬಿಟ್ಟರೆ ಏನಾಗುತ್ತದೆ?

ಸಣ್ಣಮೈಕ್ರಾನ್:
ಸಾಲದು. ಇಲ್ಲಿ ಹುಡುಕುತ್ತಿರುವುದು 0.02ರಿಂದ 0.10 ಮಿ.ಮೀ. ವ್ಯತ್ಯಾಸ. ವರ್ನಿಯರಿನ ಒಳದವಡೆ ಬೋರಿನ ಬಾಯಿಯನ್ನಷ್ಟೇ ಮುಟ್ಟುತ್ತದೆ, ಸವೆತ ಇರುವುದು ಅದಕ್ಕಿಂತ ಕೆಳಗೆ. ಬೇಕಾದದ್ದು ಡಯಲ್ ಬೋರ್ ಗೇಜ್, 0.01 ಮಿ.ಮೀ. ಓದುವ ಮೈಕ್ರೋಮೀಟರ್, ಮ್ಯಾಗ್ನೆಟ್ ಸ್ಟ್ಯಾಂಡಿನ ಮೇಲೆ ಒಂದು ಡಯಲ್ ಗೇಜ್, ಫೀಲರ್ ಗೇಜ್, ನೇರ ಪಟ್ಟಿ. ಬೋರ್ ಗೇಜನ್ನು ಮೈಕ್ರೋಮೀಟರಿನಲ್ಲಿ ಸೊನ್ನೆಗೆ ಹೊಂದಿಸಿಕೊಂಡರೆ ಆಯಿತು.

ಲೇತಿನವರಿಗೆ ಬಿಡಬಾರದು ಅಂತಲ್ಲ. ನಿಮ್ಮ ಕೈಯಲ್ಲಿ ಅಂಕಿ ಇದ್ದರೆ ಏನು ಕೆಲಸ ಬೇಕೆಂದು ನೀವೇ ಹೇಳಬಹುದು, ಬ್ಲಾಕ್ ವಾಪಸ್ ಬಂದಾಗ ಸರಿಯಾಗಿದೆಯೇ ಎಂದು ನೀವೇ ನೋಡಬಹುದು. ಮನೆಯಲ್ಲಿ ಕಟ್ಟುವವನ ನಿಜವಾದ ಕೆಲಸ ಅದೇ. ಕತ್ತರಿಸುವುದು ಯಂತ್ರದ ಪಾಲು, ಪರೀಕ್ಷಿಸುವುದು ನಮ್ಮ ಪಾಲು.

ಪ್ರತಿ ಬೋರಿಗೆ ಆರು ಓದು ಬೇಕು: ಮೇಲೆ, ನಡುವೆ, ಕೆಳಗೆ, ಮೂರರಲ್ಲೂ ಕ್ರ್ಯಾಂಕಿನ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಅತಿ ಹೆಚ್ಚು ಸವೆತ ಮೇಲಿನ ರಿಂಗ್ ತಿರುಗುವ ಜಾಗದ ಸ್ವಲ್ಪ ಕೆಳಗೆ, ಅಡ್ಡ ದಿಕ್ಕಿನಲ್ಲಿ ಸಿಗುತ್ತದೆ. ಅಲ್ಲಿ ಪಿಸ್ಟನ್ ಕ್ಷಣಕಾಲ ನಿಲ್ಲುತ್ತದೆ, ಆಯಿಲ್ ಪದರ ತೆಳುವಾಗುತ್ತದೆ, ಹಿಂದಿನಿಂದ ಉರಿದ ಗ್ಯಾಸಿನ ಒತ್ತಡ ರಿಂಗನ್ನು ಗೋಡೆಗೆ ಒತ್ತುತ್ತದೆ. ಬೋರಿನ ತೀರಾ ಕೆಳಗಿನ ಓದು ಹೆಚ್ಚೂಕಡಿಮೆ ಮೂಲ ಅಳತೆಯೇ ಆಗಿರುತ್ತದೆ. ಎರಡರ ವ್ಯತ್ಯಾಸ 0.10–0.15 ಮಿ.ಮೀ. ಹತ್ತಿರ ಬಂದಿದ್ದರೆ ರೀಬೋರ್ (ಬೋರನ್ನು ದೊಡ್ಡದಾಗಿ ಕೊರೆಯುವುದು) ಮಾಡಿಸಿ. ಅಡ್ಡ-ಉದ್ದದ ವ್ಯತ್ಯಾಸ 0.05 ದಾಟಿದ್ದರೆ ಹೊಸ ರಿಂಗ್ ಸುತ್ತಲೂ ಕೂರುವುದಿಲ್ಲ.

ರೀಬೋರ್ ಎಂದಾದರೆ ಪಿಸ್ಟನ್ ಮೊದಲು ಕೈಗೆ ಬರಲಿ, ಬ್ಲಾಕ್ ಆಮೇಲೆ ಯಂತ್ರಕ್ಕೆ ಹೋಗಲಿ. ಡಬ್ಬಿಯ ಮೇಲೆ 0.50 ಓವರ್‌ಸೈಜ್ ಎಂದಿದ್ದ ಮಾತ್ರಕ್ಕೆ ಬೋರಿನ ಅಳತೆ ಗೊತ್ತಾಗುವುದಿಲ್ಲ. ಪ್ರತಿ ಪಿಸ್ಟನನ್ನು ಗಜನ್ ಪಿನ್ನಿಗೆ (ಪಿಸ್ಟನನ್ನು ರಾಡಿಗೆ ಜೋಡಿಸುವ ಪಿನ್) ಅಡ್ಡವಾಗಿ, ಸ್ಕರ್ಟಿನ ಮೇಲೆ ತಯಾರಕರು ಹೇಳಿದ ಎತ್ತರದಲ್ಲಿ ಅಳೆದು, ಅವರು ಕೊಟ್ಟ ಕ್ಲಿಯರೆನ್ಸ್ (ಸಂದು) ಸೇರಿಸಿ ಬೋರ್ ಮಾಡಿಸಬೇಕು.

ಕ್ರ್ಯಾಂಕ್ ಜರ್ನಲ್ಲಿಗೂ (ಬೇರಿಂಗಿನೊಳಗೆ ತಿರುಗುವ ಭಾಗ) ಹಾಗೇ, ಎರಡು ದಿಕ್ಕು, ಎರಡು ತುದಿ. ಉಗುರು ಸಿಕ್ಕುವಷ್ಟು ಗೀರು ಇದ್ದರೆ ಗ್ರೈಂಡಿಂಗ್. ಅಂಡರ್‌ಸೈಜ್ ಸಾಮಾನ್ಯವಾಗಿ 0.25, 0.50, 0.75, 1.00 ಮಿ.ಮೀ. ಹೀಗೆ ಬರುತ್ತದೆ, ಇಂಚಿನ ಅಳತೆಯ ಎಂಜಿನ್ನಿನಲ್ಲಿ ಒಂದು ಇಂಚಿನ ಸಾವಿರದಲ್ಲಿ 10, 20, 30, 40 ಪಾಲು. ಗ್ರೈಂಡ್ ಆಗಿ ಬಂದಾಗ ಜರ್ನಲ್ಲಿನ ಮೂಲೆಯ ದುಂಡು ಉಳಿದಿದೆಯೇ ನೋಡಿ. ಮೂಲೆ ಚೂಪಾಗಿದ್ದರೆ ಕ್ರ್ಯಾಂಕ್ ಅಲ್ಲಿಂದಲೇ ಬಿರುಕು ಬಿಡುತ್ತದೆ. ಬಿರುಕಿನ ಪರೀಕ್ಷೆ ಗ್ರೈಂಡಿಂಗಿಗೆ ಮುಂಚೆಯೇ ಆಗಲಿ.

ಹಳೇಗಾಡಿ:
ಎಲ್ಲ ಎಂಜಿನ್ನಿಗೂ ರೀಬೋರ್ ಬೇಕಿಲ್ಲ ಎಂಬುದನ್ನೂ ಹೇಳಬೇಕು. ಸವೆತ 0.05 ಮಿ.ಮೀ. ಒಳಗಿದ್ದು ಗೀರು ಇಲ್ಲದಿದ್ದರೆ ಹೋನ್ (ಬೋರ್ ಉಜ್ಜುವ ಕಲ್ಲು) ಹೊಡೆದು ಹೊಸ ರಿಂಗ್ ಹಾಕಿದರೆ ಸಾಕು. ಬ್ಲಾಕಿನ ಗೋಡೆಯಲ್ಲಿ ಉಳಿದ ಲೋಹ ಮುಂದಿನ ಸಲಕ್ಕೆ ಬೇಕು. ಹಳೇ ಬ್ಲಾಕ್ ಮತ್ತೆ ಎರಕ ಹೊಯ್ಯುವವರಿಲ್ಲ.

ಡ್ರಿಲ್ಲಿಗೆ ಸಿಕ್ಕಿಸುವ ಹೋನಿನಿಂದ ಇದನ್ನು ಮನೆಯಲ್ಲೇ ಮಾಡಬಹುದು. ನಿಧಾನ ವೇಗ, ಧಾರಾಳ ಹೋನಿಂಗ್ ಆಯಿಲ್, ಮೇಲೆ ಕೆಳಗೆ ಚುರುಕು ಕೈ. ಗೀರುಗಳು ಒಂದಕ್ಕೊಂದು ಸುಮಾರು 45 ಡಿಗ್ರಿಗೆ ಕತ್ತರಿಸಬೇಕು. ಕೈ ನಿಧಾನವಾದರೆ ಗೀರು ಅಡ್ಡ ಮಲಗುತ್ತದೆ, ರಿಂಗ್ ಆಯಿಲನ್ನು ಸರಿಯಾಗಿ ಕೆರೆಯದೆ ಹೊಗೆ ಬರುತ್ತದೆ. ಹೋನ್ ಹೊಳಪು ತೆಗೆಯುತ್ತದೆ ಅಷ್ಟೆ. ಅಂಡಾಕಾರವಾದ ಬೋರನ್ನು ದುಂಡಗೆ ಮಾಡುವುದು ಅದರಿಂದ ಆಗದು.

ಸಣ್ಣಮೈಕ್ರಾನ್:
ಒಪ್ಪಿದೆ, ಒಂದು ಷರತ್ತು ಸೇರಿಸಿ. ಬೋರಿನ ಬಾಯಲ್ಲಿ ರಿಂಗ್ ತಾಗದೆ ಉಳಿದ ಮೆಟ್ಟಿಲು ಇರುತ್ತದೆ. ಹಳೇ ರಿಂಗಿನ ಮೇಲಂಚು ಆ ಮೆಟ್ಟಿಲಿಗೆ ಹೊಂದಿಕೊಂಡು ಸವೆದಿತ್ತು. ಹೊಸ ರಿಂಗಿನ ಅಂಚು ಚೌಕವಾಗಿರುವುದರಿಂದ ಮೆಟ್ಟಿಲಿಗೆ ಬಡಿದು ರಿಂಗ್ ಮುರಿಯುತ್ತದೆ, ಇಲ್ಲವೇ ಪಿಸ್ಟನಿನ ಕಾಲುವೆಯ ಅಂಚು ಒಡೆಯುತ್ತದೆ. ರಿಡ್ಜ್ ರೀಮರಿನಿಂದ ಮೆಟ್ಟಿಲು ತೆಗೆಯಿರಿ, ಅಥವಾ ಮೇಲಂಚಿನಲ್ಲಿ ಮೆಟ್ಟಿಲು ಕಡಿದ ರಿಂಗ್ ಹಾಕಿ.

ರಿಂಗ್ ಗ್ಯಾಪ್ ನೋಡಲು ರಿಂಗನ್ನು ಬೋರಿನೊಳಗಿಟ್ಟು ಪಿಸ್ಟನನ್ನು ತಲೆಕೆಳಗಾಗಿ ಹಿಡಿದು ನೇರವಾಗಿ ತಳ್ಳಿ. ರೀಬೋರ್ ಆಗದ ಬೋರಿನಲ್ಲಿ ಸವೆಯದ ಕೆಳಭಾಗದಲ್ಲೇ ಅಳೆಯಬೇಕು, ಬೋರ್ ಅತಿ ಕಿರಿದಾಗಿರುವುದು ಅಲ್ಲಿ. ಮೇಲಿನ ರಿಂಗಿಗೆ ಬೋರಿನ ವ್ಯಾಸವನ್ನು 0.004ರಿಂದ ಗುಣಿಸಿ: 75 ಮಿ.ಮೀ. ಬೋರಿಗೆ 0.30 ಮಿ.ಮೀ. ಕಡಿಮೆಯಿದ್ದರೆ ಬಿಸಿಗೆ ತುದಿಗಳು ಒಂದಕ್ಕೊಂದು ಒತ್ತಿ ಬೋರ್ ಕೆರೆಯುತ್ತದೆ. ಅರದಿಂದ ಉಜ್ಜುವಾಗ ಹೊರಗಿನಿಂದ ಒಳಕ್ಕೆ ಒಂದೇ ದಿಕ್ಕಿನಲ್ಲಿ ಉಜ್ಜಿ, ತುದಿಯ ಬರ್ ತೆಗೆಯಿರಿ.

ಎಣ್ಣೆಕೈ:
ಅಳತೆಗೆ ಕೊಟ್ಟಷ್ಟೇ ಗಮನ ತೊಳೆಯುವುದಕ್ಕೂ ಕೊಡಿ. ಹೊಸ ಬೇರಿಂಗ್ ಬೇಗ ಹಾಳಾದ ಕಡೆ ಕಾರಣ ಹುಡುಕಿದರೆ ಹೆಚ್ಚಾಗಿ ಸಿಗುವುದು ಕೊಳೆ.

ಹೋನ್ ಆದ ಬೋರನ್ನು ಸೀಮೆಎಣ್ಣೆಯಿಂದಲೋ ಪೆಟ್ರೋಲಿನಿಂದಲೋ ಒರೆಸಿ ಬಿಡಬೇಡಿ. ಅವು ಆಯಿಲನ್ನು ಕರಗಿಸುತ್ತವೆ, ಕಲ್ಲಿನ ಪುಡಿ ಮಾತ್ರ ಗೀರಿನ ಒಳಗೇ ಕೂತಿರುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಷ್ ಬೇಕು. ತೊಳೆದು ಒಣಗಿಸಿ, ಬಿಳಿ ಬಟ್ಟೆಗೆ ಸ್ವಲ್ಪ ಆಯಿಲ್ ಹಚ್ಚಿ ಬೋರ್ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ. ಬಟ್ಟೆ ಬೆಳ್ಳಗೆ ಬರುವವರೆಗೂ ಇದೇ ಕೆಲಸ.

ಆಯಿಲ್ ಗ್ಯಾಲರಿಯ (ಬ್ಲಾಕಿನೊಳಗಿನ ಆಯಿಲ್ ಕಾಲುವೆ) ಎರಡೂ ತುದಿಯ ಪ್ಲಗ್ ಬಿಚ್ಚಲೇಬೇಕು. ಗಾಳಿ ಊದಿದರೆ ಮುಚ್ಚಿದ ತುದಿಯಲ್ಲಿ ಕೊಳೆ ಹೋಗಿ ಒತ್ತಿಕೊಳ್ಳುತ್ತದೆ. ಉದ್ದನೆಯ ನೈಲಾನ್ ಬ್ರಷ್ ಒಂದು ತುದಿಯಿಂದ ಹಾಕಿ ಇನ್ನೊಂದು ತುದಿಯಲ್ಲಿ ಹೊರಬರಬೇಕು. ಕ್ರ್ಯಾಂಕಿನ ಓರೆ ತೂತುಗಳಿಗೂ ಅದೇ ಬ್ರಷ್. ಕೆಲವು ಕ್ರ್ಯಾಂಕ್‌ಗಳಲ್ಲಿ ತೂತಿನ ತುದಿಗೆ ಪ್ಲಗ್ ಹೊಡೆದಿರುತ್ತಾರೆ. ತಿರುಗುವ ರಭಸಕ್ಕೆ ಕೊಳೆ ಅದರ ಹಿಂದೆಯೇ ಹೋಗಿ ಗಟ್ಟಿಯಾಗುತ್ತದೆ. ಗ್ರೈಂಡಿಂಗಿನ ಪುಡಿ ಸೇರುವುದೂ ಅಲ್ಲೇ. ಪ್ಲಗ್ ತೆಗೆದು, ತೊಳೆದು, ಹೊಸ ಪ್ಲಗ್ ಹಾಕಿ.

ಬ್ಲಾಕಿನ ಒಳಗೂ ಪಿಸ್ಟನ್ ಮೇಲೂ ಗಾಜಿನ ಮಣಿಯ ಬ್ಲಾಸ್ಟಿಂಗ್ ಬೇಡ. ಮಣಿ ಕಣ್ಣಿಗೆ ಕಾಣದ ಮೂಲೆಯಲ್ಲಿ ಸಿಕ್ಕಿಕೊಂಡು ಎಂಜಿನ್ ಬಿಸಿಯಾದಾಗ ಉದುರುತ್ತದೆ. ಕಾಸ್ಟಿಕ್ ಬಿಸಿತೊಟ್ಟಿ ಕಬ್ಬಿಣಕ್ಕೆ ಒಳ್ಳೆಯದು, ಆದರೆ ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ, ಕ್ಯಾಮ್ ಬೇರಿಂಗನ್ನೂ ಕೆಡಿಸುತ್ತದೆ. ಹಾಗಾಗಿ ತೊಟ್ಟಿಗೆ ಹಾಕಿದ ಬ್ಲಾಕಿಗೆ ಹೊಸ ಕ್ಯಾಮ್ ಬೇರಿಂಗ್ ಬೇಕು, ಅದರ ಆಯಿಲ್ ತೂತು ಬ್ಲಾಕಿನ ತೂತಿಗೆ ಸರಿಯಾಗಿ ಎದುರಾಗಬೇಕು.

ಕೋರ್ ಪ್ಲಗ್‌ಗಳನ್ನು (ಬ್ಲಾಕಿನ ತೂತು ಮುಚ್ಚುವ ಬಿಲ್ಲೆ) ತೆಗೆದರೆ ನೀರಿನ ಜಾಕೆಟ್ಟಿನ ಹಿಂಭಾಗದ, ಅಂದರೆ 4ನೇ ಸಿಲಿಂಡರ್ ಸುತ್ತಲಿನ ತುಕ್ಕಿನ ಕೆಸರು ಕೈಗೆ ಸಿಗುತ್ತದೆ. ಹೊಸ ರೇಡಿಯೇಟರ್ ಹಾಕಿದರೂ ಕಾಯುವ ಎಂಜಿನ್‌ಗಳಿಗೆ ಎಷ್ಟೋ ಸಲ ಕಾರಣ ಇದೇ.

ಹೊಸಸ್ಪ್ಯಾನರ್:
ನೀರು ಹಾಕಿದರೆ ಬೋರ್ ತುಕ್ಕು ಹಿಡಿಯುವುದಿಲ್ಲವೇ?

ಎಣ್ಣೆಕೈ:
ಹಿಡಿಯುತ್ತದೆ, ಕೆಲವೇ ನಿಮಿಷದಲ್ಲಿ. ಅದಕ್ಕೇ ನೀರು ಸಾಧ್ಯವಾದಷ್ಟು ಬಿಸಿ ಇರಲಿ, ಕಬ್ಬಿಣ ತಾನೇ ಬೇಗ ಒಣಗುತ್ತದೆ. ಗಾಳಿ ಊದಿ, ತಕ್ಷಣ ಆಯಿಲ್ ಹಚ್ಚಿ, ಅಂದೇ ಕಟ್ಟದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ.

ಫೀಲರ್‌ಗೇಜ್:
ಕೆಳಭಾಗದ ಜೋಡಣೆ. ಶೆಲ್ಲಿನ (ಬೇರಿಂಗಿನ ಅರ್ಧವೃತ್ತದ ತುಂಡು) ಬೆನ್ನೂ ಅದು ಕೂರುವ ಜಾಗವೂ ಒಣಗಿರಬೇಕು, ಆಯಿಲ್ ಒಳಮೈಗೆ ಮಾತ್ರ. ಬೆನ್ನ ಹಿಂದೆ ಒಂದು ಕೂದಲು ಸಿಕ್ಕಿದ್ದರೂ ಅಲ್ಲಿ ಶೆಲ್ ಉಬ್ಬಿ ಕ್ಲಿಯರೆನ್ಸ್ ಹೋಗುತ್ತದೆ. ತೂತು ಇರುವ ಶೆಲ್ ಬ್ಲಾಕಿನ ಆಯಿಲ್ ತೂತಿನ ಮೇಲೆ ಬಂದಿದೆಯೇ ಪ್ರತಿಯೊಂದಕ್ಕೂ ಕಣ್ಣಿಟ್ಟು ನೋಡಿ. ಅದಲುಬದಲಾದರೆ ಆ ಬೇರಿಂಗಿಗೆ ಆಯಿಲೇ ಇಲ್ಲ.

ಕ್ಲಿಯರೆನ್ಸಿಗೆ ಪ್ಲಾಸ್ಟಿಗೇಜ್ (ಒತ್ತಿದರೆ ಚಪ್ಪಟೆಯಾಗುವ ಪ್ಲಾಸ್ಟಿಕ್ ದಾರ) ಸಾಕು. ಒಣ ಜರ್ನಲ್ ಮೇಲೆ ಉದ್ದಕ್ಕೆ ಒಂದು ತುಂಡಿಟ್ಟು, ಕ್ಯಾಪನ್ನು ಪೂರ್ತಿ ಟಾರ್ಕಿಗೆ ಬಿಗಿದು, ಬಿಚ್ಚಿ ಅಗಲ ನೋಡಿ. ನಡುವೆ ಕ್ರ್ಯಾಂಕ್ ಅಲುಗಬಾರದು. 50 ಮಿ.ಮೀ. ಜರ್ನಲ್ಲಿಗೆ 0.03ರಿಂದ 0.06 ಮಿ.ಮೀ. ಬಂದರೆ ಒಳ್ಳೆಯದು. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದಾಗಿದ್ದರೆ ಜರ್ನಲ್ ಓರೆ ಗ್ರೈಂಡ್ ಆಗಿದೆ. ಅದನ್ನು ವಾಪಸ್ ಕಳಿಸಿ.

ಥ್ರಸ್ಟ್ ವಾಷರಿನ ಕಾಲುವೆ ಇರುವ ಮುಖ ಕ್ರ್ಯಾಂಕಿನ ಕಡೆಗೆ. ಉಲ್ಟಾ ಹಾಕಿದರೆ ಕ್ಲಚ್ ತುಳಿದಾಗಲೆಲ್ಲ ಒಣ ಮುಖ ಉಜ್ಜಿ ಬೇಗ ಸವೆಯುತ್ತದೆ. ಎಂಡ್ ಫ್ಲೋಟ್ (ಕ್ರ್ಯಾಂಕ್ ಹಿಂದೆ ಮುಂದೆ ಸರಿಯುವಷ್ಟು) ಡಯಲ್ ಗೇಜಿನಲ್ಲಿ 0.05–0.15 ಮಿ.ಮೀ. ಆಸುಪಾಸು ಇರಲಿ.

ಪ್ರತಿ ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕ್ ತಿರುಗಿಸಿ ನೋಡಿ. ಎಲ್ಲವನ್ನೂ ಬಿಗಿದು ಆಮೇಲೆ ಅದು ಹಿಡಿದುಕೊಂಡರೆ ಯಾವುದೆಂದು ಹುಡುಕಲು ಎಲ್ಲ ಬಿಚ್ಚಬೇಕು. ಹಿಂದಿನ ಸೀಲ್ ಹಗ್ಗದ ರೀತಿಯದ್ದಾದರೆ ಹಿಂದಿನ ದಿನವೇ ಆಯಿಲಿನಲ್ಲಿ ನೆನೆಸಿ, ದುಂಡನೆಯ ಹಿಡಿಯಿಂದ ಕಾಲುವೆಗೆ ಉರುಳಿಸಿ ಒತ್ತಿ, ತುದಿಯನ್ನು ಮ್ಯಾನುಯಲ್ ಹೇಳಿದಷ್ಟು ಬಿಟ್ಟು ಹೊಸ ಬ್ಲೇಡಿನಿಂದ ಕತ್ತರಿಸಿ. ಎಳೆ ಹೊರಗುಳಿದರೆ ಕ್ಯಾಪಿನ ಕೆಳಗೆ ಸಿಕ್ಕಿ ಕ್ಲಿಯರೆನ್ಸ್ ಕೆಡುತ್ತದೆ.

ಪಿಸ್ಟನ್ ಇಳಿಸುವಾಗ ರಾಡ್ ಬೋಲ್ಟುಗಳಿಗೆ ರಬ್ಬರ್ ಟ್ಯೂಬಿನ ತುಂಡು ತೊಡಿಸಿ, ಜರ್ನಲ್ ಗೀರಾಗುವುದಿಲ್ಲ. ಪಿಸ್ಟನ್ ತಲೆಯ ಬಾಣ ಎಂಜಿನ್ನಿನ ಮುಂದಕ್ಕೆ. ರಿಂಗ್ ಬಾಯಿಗಳು ಒಂದರ ಕೆಳಗೊಂದು ಬರದಂತೆ 120 ಡಿಗ್ರಿ ಅಂತರ. ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಇಳಿಯಬೇಕು. ತಡೆದು ನಿಂತರೆ ಜೋರು ಮಾಡಬೇಡಿ, ರಿಂಗೊಂದು ರಿಂಗ್ ಕಂಪ್ರೆಸರಿನಿಂದ (ರಿಂಗುಗಳನ್ನು ಒತ್ತಿಹಿಡಿಯುವ ಪಟ್ಟಿ) ಜಾರಿ ಬ್ಲಾಕಿನ ಮುಖಕ್ಕೆ ಕೂತಿದೆ.

ಕವಾಟ:
ಹೆಡ್ಡಿನ ಕಡೆ ಎರಡು ಮಾತು. ಹೆಡ್ ಮುಖಕ್ಕೆ ನೇರ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡು ಮೂಲೆಗೆ ಇಟ್ಟು ನೋಡಿ. 0.05 ಮಿ.ಮೀ. ಫೀಲರ್ ಎಲ್ಲೂ ನುಗ್ಗಬಾರದು. ವಾಲ್ವ್ ಉಜ್ಜುವ ಮುಂಚೆ ಗೈಡ್ (ವಾಲ್ವಿನ ಕಡ್ಡಿ ಜಾರುವ ಕೊಳವೆ) ನೋಡಿ. ಗೈಡ್ ಸಡಿಲವಿದ್ದಾಗ ಸೀಟ್ ಎಷ್ಟು ಉಜ್ಜಿದರೂ ವಾಲ್ವ್ ಪ್ರತಿ ಸಲ ಬೇರೆ ಜಾಗದಲ್ಲಿ ಕೂರುತ್ತದೆ. ಉಜ್ಜಿದ ಬೂದು ಪಟ್ಟಿ ಇನ್ಲೆಟ್ಟಿಗೆ ಸುಮಾರು 1.5 ಮಿ.ಮೀ. ಅಗಲ, ಎಕ್ಸಾಸ್ಟಿಗೆ ಅದಕ್ಕಿಂತ ತುಸು ಹೆಚ್ಚು, ಏಕೆಂದರೆ ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಸೀಟಿನ ಮೂಲಕವೇ ಇಳಿಸಿಕೊಳ್ಳಬೇಕು. ಸ್ಪ್ರಿಂಗ್ ಹಾಕಿದ ಮೇಲೆ ಹೆಡ್ ಮಗುಚಿ ಚೇಂಬರಿಗೆ ಸೀಮೆಎಣ್ಣೆ ತುಂಬಿ. ಐದು ನಿಮಿಷದಲ್ಲಿ ಪೋರ್ಟಿನೊಳಗೆ ಒದ್ದೆಯಾಗದಿದ್ದರೆ ಆಯಿತು.

ಸೀಸವಿದ್ದ ಪೆಟ್ರೋಲ್ ಕಾಲದ ಕಬ್ಬಿಣದ ಹೆಡ್ಡಿನಲ್ಲಿ ಸೀಟನ್ನು ನೇರ ಹೆಡ್ಡಿನಲ್ಲೇ ಕಡೆದಿರುತ್ತಾರೆ. ಸೀಸ ವಾಲ್ವಿಗೂ ಸೀಟಿಗೂ ನಡುವೆ ಪದರವಾಗಿ ನಿಂತು ಕಾಪಾಡುತ್ತಿತ್ತು. ಈಗಿನ ಸೀಸರಹಿತ ಪೆಟ್ರೋಲಿನಲ್ಲಿ, ವಿಶೇಷವಾಗಿ ದೀರ್ಘಕಾಲ ಜೋರು ಓಡಿಸಿದರೆ, ಎಕ್ಸಾಸ್ಟ್ ವಾಲ್ವ್ ಸೀಟನ್ನು ಬಡಿದು ತಿನ್ನುತ್ತ ಒಳಗೆ ಹೂಳುತ್ತದೆ. ಅದರ ಲಕ್ಷಣ: ಟ್ಯಾಪೆಟ್ ಗ್ಯಾಪ್ (ರಾಕರಿಗೂ ವಾಲ್ವಿಗೂ ನಡುವಿನ ಸಂದು) ತಾನಾಗಿ ಕಡಿಮೆಯಾಗುತ್ತ ಹೋಗುವುದು. ಹೆಡ್ ಹೇಗೂ ಯಂತ್ರದ ಮೇಲೆ ಹೋಗಿರುವಾಗ ಎಕ್ಸಾಸ್ಟಿಗೆ ಗಟ್ಟಿ ಸೀಟ್ ಹಾಕಿಸಿಬಿಡಿ.

ಹಳೇಗಾಡಿ:
ಕ್ಯಾಮ್ ಹೊಸದಾದರೆ ಟ್ಯಾಪೆಟ್ ಕೂಡ ಹೊಸದು. ಇದರಲ್ಲಿ ರಾಜಿ ಇಲ್ಲ. ಹೆಸರು ಚಪ್ಪಟೆ ಟ್ಯಾಪೆಟ್ ಆದರೂ ಅದರ ಮುಖ ತುಸು ಉಬ್ಬಿರುತ್ತದೆ, ಕ್ಯಾಮಿನ ಮೂಗು ತುಸು ಓರೆ ಇರುತ್ತದೆ. ಎರಡೂ ಸೇರಿ ಟ್ಯಾಪೆಟ್ಟನ್ನು ತಿರುಗಿಸುತ್ತವೆ, ಅದರಿಂದಲೇ ಅದು ಬಾಳುತ್ತದೆ. ಎರಡು ಟ್ಯಾಪೆಟ್ ಮುಖಕ್ಕೆ ಮುಖ ಇಟ್ಟು ನೋಡಿ. ಹೊಸವು ಅಲ್ಲಾಡುತ್ತವೆ, ಸವೆದವು ಅಂಟಿದಂತೆ ಕೂರುತ್ತವೆ. ಸವೆದದ್ದನ್ನು ಹೊಸ ಕ್ಯಾಮಿಗೆ ಇಟ್ಟರೆ ತಿರುಗದೆ ಮೂಗನ್ನು ಕೆರೆದುಹಾಕುತ್ತದೆ. ಹಳೇ ಕ್ಯಾಮ್ ಚೆನ್ನಾಗಿದ್ದರೆ ಹಳೇ ಟ್ಯಾಪೆಟ್ ಬಳಸಿ, ಆದರೆ ಪ್ರತಿಯೊಂದೂ ತನ್ನ ಹಳೇ ತೂತಿಗೇ ಹೋಗಬೇಕು.

ಆಯಿಲಿನಲ್ಲಿ ಝಿಂಕ್-ಫಾಸ್ಫರಸ್ ಅಂಶ ಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಕಾಪಾಡಲೆಂದು ಈಗಿನ ತೆಳು ಗ್ರೇಡ್‌ಗಳಲ್ಲಿ ಫಾಸ್ಫರಸ್ಸನ್ನು 800 ಪಿಪಿಎಂಗೆ ಮಿತಿಗೊಳಿಸಿದ್ದಾರೆ. ಹಳೇ ಎಂಜಿನ್ನಿಗೆಂದೇ ಮಾಡಿದ ಖನಿಜ 20ಡಬ್ಲ್ಯೂ-50ಯಲ್ಲಿ 1000ದ ಮೇಲಿರುತ್ತದೆ.

ಹೊಸಸ್ಪ್ಯಾನರ್:
ಹೆಡ್ ಸ್ಟಡ್ಡಿನ ಥ್ರೆಡ್ಡಿಗೆ ಆಯಿಲ್ ಹಾಕಬೇಕೇ ಬೇಡವೇ? ಎರಡೂ ಥರ ಹೇಳುತ್ತಾರೆ.

ಫೀಲರ್‌ಗೇಜ್:
ಮ್ಯಾನುಯಲ್ಲಿನ ಟಾರ್ಕ್ ಅಂಕಿ ಯಾವ ಸ್ಥಿತಿಗೆ ಕೊಟ್ಟಿದ್ದಾರೋ ಹಾಗೆ. ಬಿಗಿ ಮಾಡುವ ಬಲದ ಬಹುಪಾಲು ಉಜ್ಜಾಟಕ್ಕೇ ಖರ್ಚಾಗುತ್ತದೆ, ಬೋಲ್ಟನ್ನು ಹಿಗ್ಗಿಸಲು ಸ್ವಲ್ಪವೇ ಉಳಿಯುತ್ತದೆ. ಒಣ ಥ್ರೆಡ್ಡಿನ ಅಂಕಿಯನ್ನು ಆಯಿಲ್ ಹಚ್ಚಿದ ಥ್ರೆಡ್ಡಿಗೆ ಬಳಸಿದರೆ ಬೋಲ್ಟ್ ಮಿತಿ ಮೀರಿ ಹಿಗ್ಗುತ್ತದೆ. ಉಲ್ಟಾ ಮಾಡಿದರೆ ಹಿಡಿತ ಸಾಲದು.

ಕುರುಡು ತೂತಿನ ತಳದಲ್ಲಿ ಆಯಿಲ್ಲೋ ನೀರೋ ನಿಂತಿದ್ದರೆ ಮಾತ್ರ ದೊಡ್ಡ ಅಪಾಯ. ದ್ರವ ಒತ್ತಿ ಕುಗ್ಗುವುದಿಲ್ಲ, ಬೋಲ್ಟ್ ಇಳಿದಂತೆ ಬ್ಲಾಕ್ ಸೀಳುತ್ತದೆ. ಪ್ರತಿ ತೂತಿಗೂ ಗಾಳಿ ಊದಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಥ್ರೆಡ್ ಶುಚಿ ಮಾಡಲು ಕತ್ತರಿಸುವ ಟ್ಯಾಪ್ ಬೇಡ, ಅದು ಲೋಹ ತೆಗೆಯುತ್ತದೆ. ಥ್ರೆಡ್ ಚೇಸರ್ ಬಳಸಿ. ಬಿಗಿಯುವುದು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ.

ಕವಾಟ:
ಟ್ಯಾಪೆಟ್ ಗ್ಯಾಪಿಗೆ ಒಂಬತ್ತರ ಲೆಕ್ಕ ನೆನಪಿಡಿ. ವಾಲ್ವ್‌ಗಳು ಎರಡು ತುದಿಯಿಂದಲೂ ಒಂದೇ ಕ್ರಮದಲ್ಲಿ ಬರುವ, 1-3-4-2 ಫೈರಿಂಗ್ ಇರುವ ಎಂಜಿನ್ನಿನಲ್ಲಿ 1ನೇ ವಾಲ್ವ್ ಪೂರ್ತಿ ತೆರೆದಾಗ 8ನೆಯದಕ್ಕೆ ಗ್ಯಾಪ್ ಇಡಿ, 3 ತೆರೆದಾಗ 6ಕ್ಕೆ, 5 ತೆರೆದಾಗ 4ಕ್ಕೆ, ಹೀಗೆ ಕೂಡಿದರೆ 9. ರಾಕರಿನ ತುದಿ ಗುಳಿಬಿದ್ದಿದ್ದರೆ ಫೀಲರ್ ಗುಳಿಯ ಮೇಲೆ ಸೇತುವೆಯಾಗಿ ನಿಂತು ಸುಳ್ಳು ಹೇಳುತ್ತದೆ. ಅಂಥ ರಾಕರನ್ನು ಮೊದಲು ಗ್ರೈಂಡ್ ಮಾಡಿಸಿ.

ಎಣ್ಣೆಕೈ:
ಸಂಪ್ ಹಾಕುವಾಗ ಸಿಲಿಕಾನ್ ಧಾರಾಳ ಬೇಡ. ಒಳಗೆ ಉಬ್ಬಿದ ಭಾಗ ಕಳಚಿ ಆಯಿಲ್ ಎಳೆಯುವ ಪಿಕಪ್ಪಿನ ಜಾಲರಿಗೆ ಅಂಟಿಕೊಳ್ಳುತ್ತದೆ. ಮೂಲೆಗಳಿಗೆ ಮಾತ್ರ ತೆಳ್ಳಗೆ ಹಚ್ಚಿ. ಆಯಿಲ್ ಪಂಪಿನೊಳಗೆ ಪೆಟ್ರೋಲಿಯಂ ಜೆಲ್ಲಿ ತುಂಬಿ ಕಟ್ಟಿದರೆ ಮೊದಲ ಸುತ್ತಿಗೇ ಆಯಿಲ್ ಎಳೆಯುತ್ತದೆ.

ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ ತೆಗೆದು, ಇಗ್ನಿಷನ್ ಕಳಚಿ, ಗೇಜಿನಲ್ಲಿ ಪ್ರೆಶರ್ ಕಾಣುವವರೆಗೆ ಸ್ಟಾರ್ಟರಿನಿಂದ ತಿರುಗಿಸಿ. ಕ್ಯಾಮ್ ಹೊಸದಾಗಿದ್ದರೆ ಈ ತಿರುಗಿಸುವುದೂ ಕಡಿಮೆಯಿರಲಿ, ಹಚ್ಚಿದ ಕ್ಯಾಮ್ ಪೇಸ್ಟ್ ಒರೆಸಿಹೋಗುತ್ತದೆ. ಪಂಪ್ ಡಿಸ್ಟ್ರಿಬ್ಯೂಟರ್ ಶಾಫ್ಟಿನಿಂದ ನಡೆಯುವ ಎಂಜಿನ್ನಾದರೆ ಡ್ರಿಲ್ಲಿನಿಂದ ಪಂಪನ್ನೇ ತಿರುಗಿಸಿ. ಪ್ರೆಶರ್ ಬಾರದಿದ್ದರೆ ಸ್ಟಾರ್ಟ್ ಮಾಡಬೇಡಿ. ಮರೆತ ಗ್ಯಾಲರಿ ಪ್ಲಗ್, ರಿಲೀಫ್ ವಾಲ್ವಿನ ಸ್ಪ್ರಿಂಗ್, ಪಿಕಪ್ ಪೈಪಿನ ಗ್ಯಾಸ್ಕೆಟ್, ಈ ಮೂರನ್ನು ಮೊದಲು ನೋಡಿ.

ಹತ್ತಿದ ತಕ್ಷಣ ಐಡಲ್‌ಗೆ ಬಿಡದೆ 2000–2500 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಿ, ವೇಗ ತುಸು ಏರಿಳಿಸುತ್ತ. ಕ್ಯಾಮಿಗೆ ಆಯಿಲ್ ಹೋಗುವುದು ಕ್ರ್ಯಾಂಕ್ ಎರಚುವುದರಿಂದ, ಐಡಲಿನಲ್ಲಿ ಎರಚು ಸಾಲದು. ಹಾಗಾಗಿ ಪೆಟ್ರೋಲ್, ಕೂಲಂಟ್, ಟೈಮಿಂಗ್ ಎಲ್ಲ ಮೊದಲೇ ಸರಿಯಿರಬೇಕು. ಎಕ್ಸಾಸ್ಟ್ ಹೊಗೆ ಹೊರಹೋಗುವಂತೆ ಶೆಡ್ಡಿನ ಬಾಗಿಲು ತೆರೆದಿರಬೇಕು ಅಥವಾ ಗಾಡಿ ಹೊರಗಿರಬೇಕು. ಪ್ರೆಶರ್ ಬಿದ್ದರೆ, ಕಾಯಲು ಶುರುವಾದರೆ ತಕ್ಷಣ ಆಫ್. ಮುಗಿದ ಮೇಲೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ, ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ.

ಹೊಸಸ್ಪ್ಯಾನರ್:
ಮೊದಲ ಕೆಲವು ನೂರು ಕಿ.ಮೀ. ನೀಲಿ ಹೊಗೆ ಬಂದರೆ ರಿಂಗ್ ತಪ್ಪಾಯಿತೆಂದೇ ಅರ್ಥವೇ?

ಸಣ್ಣಮೈಕ್ರಾನ್:
ಹಾಗೇನಿಲ್ಲ. ರಿಂಗ್ ಬೋರಿಗೆ ಹೊಂದಿಕೊಳ್ಳುವುದು ಅದರ ಹಿಂದೆ ನುಗ್ಗುವ ಗ್ಯಾಸಿನ ಒತ್ತಡದಿಂದ, ಆ ಒತ್ತಡ ಬರುವುದು ಎಂಜಿನ್ನಿಗೆ ಭಾರ ಬಿದ್ದಾಗ. ತುಂಬಾ ನಾಜೂಕಾಗಿ ಓಡಿಸಿದರೆ, ಗಂಟೆಗಟ್ಟಲೆ ಐಡಲಿನಲ್ಲಿ ಬಿಟ್ಟರೆ ಹೋನಿನ ಗೀರುಗಳ ಮೇಲೆ ಆಯಿಲ್ ಸುಟ್ಟು ಗಾಜಿನಂತೆ ಪದರ ಕಟ್ಟುತ್ತದೆ, ಆಮೇಲೆ ರಿಂಗ್ ಕೂರುವುದೇ ಇಲ್ಲ. ಎಂಜಿನ್ ಬಿಸಿಯಾದ ಮೇಲೆ ಟಾಪ್ ಗೇರಿನಲ್ಲಿ 50ರಿಂದ 80 ಕಿ.ಮೀ. ವೇಗಕ್ಕೆ ಮುಕ್ಕಾಲು ಥ್ರಾಟಲಿನಲ್ಲಿ ಏರಿಸಿ, ಕಾಲು ತೆಗೆದು ಗೇರಿನಲ್ಲೇ ಇಳಿಯಲು ಬಿಡಿ. ಇಳಿಯುವಾಗಿನ ನಿರ್ವಾತ ರಿಂಗಿನವರೆಗೆ ಆಯಿಲ್ ಎಳೆದು ಪುಡಿಯನ್ನು ತೊಳೆಯುತ್ತದೆ. ಹೀಗೆ ಹತ್ತು ಹನ್ನೆರಡು ಸಲ. ಹೆಚ್ಚು ಆರ್‌ಪಿಎಂ ಬೇಡ, ಕಡಿಮೆ ಆರ್‌ಪಿಎಂನಲ್ಲಿ ಎಳೆಯುವುದೂ ಬೇಡ. ಈ ಹಂತದಲ್ಲಿ ಸಿಂಥೆಟಿಕ್ ಆಯಿಲ್ ಬೇಡವೇ ಬೇಡ. 800 ಕಿ.ಮೀ.ಗೆ ಮತ್ತೆ ಆಯಿಲ್ ಬದಲಿಸಿ.

ಹೊಗೆ ಯಾವಾಗ ಬರುತ್ತದೆ ಎಂಬುದನ್ನೂ ಗಮನಿಸಿ. ಇಳಿಜಾರಿನಲ್ಲಿ ಕಾಲು ತೆಗೆದು ಇಳಿದು, ಕೆಳಗೆ ಮತ್ತೆ ತುಳಿದಾಗ ಒಮ್ಮೆ ಭುಸ್ಸೆಂದು ಬಂದರೆ ಅದು ವಾಲ್ವ್ ಗೈಡಿನದು, ರಿಂಗನ್ನು ದೂರಬೇಡಿ. ಏರುವಾಗ ಭಾರ ಬಿದ್ದಷ್ಟೂ ಬರುತ್ತಿದ್ದು, ಆಯಿಲ್ ಹಾಕುವ ಬಾಯಿಯಲ್ಲೂ ಗಾಳಿ ಒತ್ತಿ ಹೊರಬಂದರೆ ರಿಂಗಿನದು. 1500 ಕಿ.ಮೀ. ಆದಮೇಲೂ ಹಾಗೇ ಇದ್ದರೆ ಮೊದಲು ಬರೆದಿಟ್ಟ ರೀತಿಯಲ್ಲೇ ಕಂಪ್ರೆಷನ್ ನೋಡಿ, ಒಣ ಓದು, ಆಯಿಲ್ ಹಾಕಿದ ಓದು ಎರಡನ್ನೂ ಇಲ್ಲಿ ಹಾಕಿ.

ಕವಾಟ:
ಅದಕ್ಕೂ ಮುಂಚೆ ಹೆಡ್ ಮರುಬಿಗಿ. ಗ್ಯಾಸ್ಕೆಟ್ ತಯಾರಕರು ಬೇಡವೆಂದು ಬರೆದಿದ್ದರೆ ಬಿಡಿ. ಇಲ್ಲದಿದ್ದರೆ ಮೊದಲ ಬಿಸಿಯ ನಂತರ ರಾತ್ರಿಯಿಡೀ ತಣಿಯಲು ಬಿಟ್ಟು, ಬಿಗಿಯುವ ಕ್ರಮದಲ್ಲೇ ಒಂದೊಂದು ನಟ್ಟನ್ನು ಕಾಲು ಸುತ್ತಿಗಿಂತ ಕಡಿಮೆ ಸಡಿಲಿಸಿ ಮತ್ತೆ ಪೂರ್ತಿ ಟಾರ್ಕಿಗೆ ತನ್ನಿ. ಸಡಿಲಿಸದೆ ಬರೀ ಟಾರ್ಕ್ ಹಾಕಿದರೆ ನಟ್ ಅಂಟಿಕೊಂಡ ಬಿಗುವನ್ನೇ ರೆಂಚ್ ಅಳೆಯುತ್ತದೆ. ಹೆಡ್ ಕೆಳಗಿಳಿದಷ್ಟೂ ಟ್ಯಾಪೆಟ್ ಗ್ಯಾಪ್ ಬದಲಾಗಿರುತ್ತದೆ, ಎಂಟನ್ನೂ ಮತ್ತೆ ಇಡಿ.